ಲಿಮಾದ ಬೂದು ಬಡಾವಣೆಗಳು

ನಾನು ಎಂದೂ ಕಾಲಿಡದ ಊರುಗಳಲ್ಲಿ ಬೇರೆಯವರು ಎಲ್ಲಿ ಕಾಲಿಡಬಹುದು, ಎಲ್ಲಿ ಇಡಬಾರದು ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಅಮೆರಿಕದ ಡಲಸ್ ವಿಮಾನ ನಿಲ್ದಾಣದ ಪಕ್ಕ, ಸ್ಟರ್ಲಿಂಗ್‌ನಲ್ಲಿ ನಮ್ಮ ಕಂಪನಿ. ಸುತ್ತ ಎಲ್ಲಿ ನೋಡಿದರೂ ಕಿಟಕಿಯಿಲ್ಲದ ಡೇಟಾ ಸೆಂಟರ್‌ಗಳು. ನಡುವೆ ಕಿಟಕಿಯಿದ್ದೂ ಏನೂ ಕಾಣದ ನಾವು. ಬೇರೆ ಬೇರೆ ಕಂಪನಿಗಳ ಉದ್ಯೋಗಿಗಳು ಹೊರದೇಶಕ್ಕೆ ಹೋದಾಗ ಕಾಯಿಲೆಯೋ ಗಲಾಟೆಯೋ ಆದರೆ ಫೋನ್ ಎತ್ತುವ ಡೆಸ್ಕ್ ನಮ್ಮದು.

ಒಂದೊಂದು ಊರಿಗೂ ಒಂದೊಂದು ನಕ್ಷೆ. ಸಂದರ್ಶಕರು ನಿಶ್ಚಿಂತೆಯಾಗಿ ಓಡಾಡಬಹುದಾದ ಬಡಾವಣೆ ಹಸಿರು. ಹಗಲಲ್ಲಿ ಮಾತ್ರ ಆದರೆ ಹಳದಿ. ಉಳಿದದ್ದೆಲ್ಲ ಬೂದು. ಬೂದು ಎಂದರೆ ಅಪಾಯ ಎಂದೇನೂ ಅಲ್ಲ, ಸಂದರ್ಶಕರಿಗೆ ಅಲ್ಲಿ ಕೆಲಸವಿಲ್ಲ, ಹಾಗಾಗಿ ನಾವು ಅದರ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ ಎಂದು. ಅಟ್ಲಾಂಟಾದಲ್ಲಿ ಕೂತ ಮೇಲಿನವರ ಒಪ್ಪಿಗೆಯಿಲ್ಲದೆ ಯಾವ ಗ್ರಾಹಕನನ್ನೂ ಬೂದು ಬಣ್ಣದೊಳಗೆ ಕಳಿಸುವಂತಿರಲಿಲ್ಲ. ದಕ್ಷಿಣ ಅಮೆರಿಕದ ನಾಲ್ಕಾರು ರಾಜಧಾನಿಗಳಿಗೆ ಬಣ್ಣ ಹಚ್ಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನನ್ನ ಅರ್ಹತೆ? ಬುರಿಟೋ ಅಂಗಡಿಯಲ್ಲಿ ಖಾರ ಜಾಸ್ತಿ ಹಾಕಿಸಿಕೊಳ್ಳುವಷ್ಟು ಸ್ಪ್ಯಾನಿಷ್.

ಇನ್ನೊಂದು ಅರ್ಹತೆಯೂ ಇತ್ತು. ಯಾರ ದನಿಯನ್ನಾದರೂ ಅರ್ಧ ಗಂಟೆ ಕೇಳಿದರೆ ಸಾಕು, ಹಾಗೇ ಮಾತಾಡುತ್ತಿದ್ದೆ. ನಮ್ಮ ತಂಡದ ಲೀಡ್ ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ಮೊದಲು ನರ್ಸ್ ಆಗಿದ್ದವರು, ಜರ್ಮನ್‌ಟೌನ್‌ನಿಂದ ದಿನಾ ಕಾರಿನಲ್ಲಿ ಬರುತ್ತಿದ್ದರು. ಅವರ ದನಿಯಲ್ಲಿ ಅವರಿಗೇ ಫೋನ್ ಮಾಡಿ ರಜೆ ಕೇಳಿದ್ದೆ. "ನಿನ್ನ ನಾಲಿಗೆಗೆ ಬ್ಯಾಂಡೇಜ್ ಹಾಕ್ಬೇಕು ಮಾರಾಯ" ಎಂದರು. ರಜೆ ಕೊಡಲಿಲ್ಲ.

೨೦೨೦ರ ವಸಂತದಲ್ಲಿ ಎಲ್ಲ ಮುಚ್ಚಿತು. ನಾನು ಅಪಾರ್ಟ್‌ಮೆಂಟಿನಲ್ಲಿ ಇಸ್ತ್ರಿ ಟೇಬಲ್ಲನ್ನೇ ಡೆಸ್ಕ್ ಮಾಡಿಕೊಂಡು ಕೂತೆ. ಪೆರು ದೇಶ ಗಡಿ ಮುಚ್ಚಿದಾಗ ನಮ್ಮ ಗ್ರಾಹಕರಲ್ಲಿ ಕೆಲವರು ಅದರ ರಾಜಧಾನಿ ಲಿಮಾದಲ್ಲೇ ಉಳಿದರು. ಅವರಲ್ಲೊಬ್ಬರು ಷಾರ್ಲೆಟ್‌ನ ಒಂದು ಬ್ಯಾಂಕಿನ ಐಟಿ ವಿಭಾಗದವರು, ಮೈಸೂರಿನವರು, ಐವತ್ತು ದಾಟಿದವರು. ಕೆಲಸದ ಮೇಲೆ ಹೋದವರು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದರು, ಮುಗಿದ ಮೇಲೆ ಮಾಚುಪಿಚು ನೋಡಿ ಬರೋಣವೆಂದು. ಕನ್ನಡದವರು ಎಂದು ಕೇಸು ನನ್ನ ತಲೆಗೆ ಬಿತ್ತು.

"ಏನಯ್ಯಾ, ಕನ್ನಡ ಬರುತ್ತಾ ನಿನಗೆ?" ಎಂದರು ಅಂಕಲ್, ಮೊದಲ ಸಲ ಫೋನಿನಲ್ಲಿ. "ಬರುತ್ತೆ ಅಂಕಲ್, ಬಯ್ಯೋದೂ ಬರುತ್ತೆ" ಎಂದೆ. ಅವರು ನಕ್ಕರು. ಆ ನಗು ಗಂಟಲಿನಿಂದ ಶುರುವಾಗಿ ಮೂಗಿನಲ್ಲಿ ಮುಗಿಯುತ್ತಿತ್ತು. ಅವತ್ತು ಸಂಜೆಯೇ ಅಭ್ಯಾಸ ಮಾಡಿಕೊಂಡೆ.

ಬರಾಂಕೊ ಎಂಬಲ್ಲಿ ಒಂದು ಸಣ್ಣ ಫ್ಲ್ಯಾಟು ಬಾಡಿಗೆಗೆ ಹಿಡಿದಿದ್ದರು. ಹಸಿರು. ಆಂಟಿಗೆ ಮಾತ್ರ ಒಂದು ದಿಕ್ಕೂ ಗೊತ್ತಾಗುತ್ತಿರಲಿಲ್ಲ. "ಹೆಸರುಗಳೆಲ್ಲ ಒಂದೇ ಥರ ಕೇಳಿಸುತ್ತಪ್ಪ. ನಮ್ಮ ಬೆಂಗಳೂರಲ್ಲಿ ಇದು ಯಾವ ಏರಿಯಾ ಅಂತ ಹೇಳು, ಅರ್ಥ ಆಗುತ್ತೆ" ಎಂದರು. ನಮ್ಮವರೆಲ್ಲ ಹೀಗೇ. ಊರು ಯಾವುದಾದರೂ ಇರಲಿ, ಅದರ ಕೆಳಗೆ ಬೆಂಗಳೂರನ್ನು ಹಾಸಿದ ಮೇಲೆಯೇ ಕಾಲಿಡುವುದು. ನಾನೂ ಷಾರ್ಲೆಟ್‌ನ ಬ್ಯಾಲಂಟೈನ್ ಬಡಾವಣೆ ನೋಡಿದ ಕೂಡಲೇ ವೈಟ್‌ಫೀಲ್ಡ್ ಎಂದವನೇ.

ಹಾಗೆ ಆ ಧ್ವನಿ ಸಂದೇಶ ಹುಟ್ಟಿತು. ಬಿಎಂಟಿಸಿ ಕಂಡಕ್ಟರನ ದನಿ ಹಿಡಿದು, ಇಸ್ತ್ರಿ ಟೇಬಲ್ ತಟ್ಟುತ್ತಾ, ಇಡೀ ಲಿಮಾ ಸುತ್ತಿಸಿದೆ.

"ಬರ್ರೀ ಬರ್ರೀ, ಒಳಗಡೆ ಹೋಗ್ರೀ, ಮಿರಾಫ್ಲೋರೆಸ್ ಯಾರ್ರೀ? ಕೋರಮಂಗಲ ಕಣ್ರೀ ಇದು, ಪಕ್ಕದಲ್ಲಿ ಸಮುದ್ರ ಇಟ್ಟವ್ರೆ ಅಷ್ಟೇ. ಬಂಡೆ ಅಂಚಲ್ಲಿ ವಾಕಿಂಗು, ಜಾರಿದ್ರೆ ನೇರ ಪೆಸಿಫಿಕ್ಕು. ಓಲ್ಡಾನ್! ಸಾನ್ ಇಸಿದ್ರೊ, ಸಾನ್ ಇಸಿದ್ರೊ. ಸದಾಶಿವನಗರ. ಬ್ಯಾಂಕು, ರಾಯಭಾರಿ ಕಚೇರಿ, ಹಳೇ ಆಲಿವ್ ತೋಪು. ನಾಯಿಗೂ ಇಲ್ಲಿ ಡ್ರೈವರ್ ಇರ್ತಾನೆ. ಬರಾಂಕೊ ಇಳೀರಿ, ಬಸವನಗುಡಿ ಸ್ಟಾಪು. ಹಳೇ ಮನೆ, ಮರದ ಬಾಲ್ಕನಿ, ಗೋಡೆ ತುಂಬ ಚಿತ್ರ, ದೋಸೆ ಮಾತ್ರ ಕೇಳ್ಬೇಡಿ. ಸೆರ್ಕಾದೊ, ಹಳೇ ಪೇಟೆ. ವಿಧಾನಸೌಧ ತಗೊಂಡೋಗಿ ಅವೆನ್ಯೂ ರೋಡಲ್ಲಿ ಇಟ್ಟಂಗೆ, ಹಗಲೊತ್ತು ಮಾತ್ರ, ಪರ್ಸು ಮುಂದಿನ ಜೇಬಲ್ಲಿ. ಲಾ ವಿಕ್ಟೋರಿಯಾ, ಚಿಕ್ಕಪೇಟೆ, ಬಟ್ಟೆ ಸಗಟು. ಕಯಾವೊ, ಬಂದರು, ವಿಮಾನ ಹಿಡಿಯೋಕೆ ಮಾತ್ರ, ಗ್ಲಾಸ್ ಏರಿಸ್ಕೊಳ್ಳಿ. ಆಮೇಲೆ ಕೋಮಾಸು, ಅಟೇ, ವಿಲ್ಲಾ ಎಲ್ ಸಾಲ್ವಡೋರ್, ಅದೆಲ್ಲ ಊರಾಚೆ. ಅಲ್ಲಿಗೆ ಟಿಕೇಟ್ ಕೊಡಲ್ಲ ಸಾಮೀ. ಪ್ಯಾಂಟ್ ಹಾಕ್ಕೊಂಡು ಹೋದ್ರೆ ಬೆಲ್ಟ್ ಮಾತ್ರ ವಾಪಸ್ ಬರುತ್ತೆ. ರೈಟ್, ರೈಟ್!"

ಆ ಕೊನೆಯ ಮಾತು ನಗಿಸಲಿಕ್ಕೆ ಹೇಳಿದ್ದು. ಆ ಕಡೆಯ ಬೀದಿಗಳ ಒಂದು ಫೋಟೋವನ್ನೂ ನಾನು ತೆರೆದು ನೋಡಿರಲಿಲ್ಲ. ಬೂದು ಬಣ್ಣಕ್ಕೆ ಫೋಟೋ ಯಾಕೆ?

ಅಂಕಲ್ ಅದನ್ನು ಮೈಸೂರಿನ ತಮ್ಮನಿಗೆ, ಷಾರ್ಲೆಟ್‌ನ ಗೆಳೆಯರಿಗೆ ಕಳಿಸಿದರು. ದಿನಕ್ಕೊಮ್ಮೆ ಕೇಳುತ್ತಾರೆ ಎಂದು ಆಂಟಿ ಹೇಳಿದರು. "ಲಿಮಾ ನಿನಗೆ ಅಂಗೈ ಗೆರೆ ಥರ ಗೊತ್ತಲ್ಲಯ್ಯಾ" ಎಂದರು ಅಂಕಲ್. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಡೆಸ್ಕಿನ ಪದ್ಧತಿಯೇ ಹಾಗೆ: ಗ್ರಾಹಕರಿಗೆ ಧೈರ್ಯ ಬರಲಿ, ಮಾತಾಡುವವರು ಅಲ್ಲೇ ಪಕ್ಕದ ಬೀದಿಯಲ್ಲಿದ್ದಾರೆ ಎನ್ನಿಸಲಿ.

ಅಮೆರಿಕದವರನ್ನು ಕರೆತರುವ ವಿಮಾನಗಳು ಬಿಟ್ಟವು. ಮೊದಲ ಸರದಿ ಪೌರರಿಗೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತೇ ಅಂಕಲ್ ತಲೆಗೂದಲು ಕಳೆದುಕೊಂಡಿದ್ದರು. ಈಗ ವಿಮಾನದ ಸಾಲಿನಲ್ಲೂ ಹಿಂದೆಯೇ. ಪ್ರತಿ ವಿಮಾನಕ್ಕೂ ನಾನು ಇಬ್ಬರ ಹೆಸರನ್ನು ಕಳಿಸುವುದು, ಕಾಯುವುದು, ಇಲ್ಲವೆಂದು ಹೇಳುವುದು. ಲಿಮಾದಲ್ಲಿ ಸ್ವಲ್ಪ ಕಾಲ ಗಂಡಸರು ಒಂದು ದಿನ, ಹೆಂಗಸರು ಒಂದು ದಿನ ಮಾತ್ರ ಸಾಮಾನು ತರಲು ಹೊರಗೆ ಹೋಗಬೇಕು ಎಂಬ ನಿಯಮ ಬಂತು. "ಮದುವೆಯಾದಾಗಿನಿಂದ ನಾನು ತರಕಾರಿ ತಂದವನಲ್ಲ ಕಣಯ್ಯಾ, ಈಗ ಬದನೆಕಾಯಿ ಹಿಚುಕಿ ನೋಡ್ತಾ ಇದೀನಿ" ಎಂದು ಅಂಕಲ್ ನಕ್ಕರು. ನಗು ಮೂಗಿನವರೆಗೆ ಹೋಗುವ ಮೊದಲೇ ಕೆಮ್ಮಿನಲ್ಲಿ ಮುರಿಯಿತು. ಇಲ್ಲಿನ ಧೂಳು ಎಂದರು. ಮಳೆಯೇ ಬೀಳದ ಊರು, ಧೂಳು ಇರುತ್ತದೆ ಎಂದು ನಾನೂ ಒಪ್ಪಿದೆ.

ಮುಂದಿನ ವಾರ ಫೋನ್ ಮಾಡಿದ್ದು ಆಂಟಿ. "ಅವರು ಮಾತಾಡ್ತಾ ಮಾತಾಡ್ತಾ ನಿಲ್ಲಿಸ್ತಾರಪ್ಪ. ನಿನಗೆ ಹೇಳ್ಬೇಡ ಅಂದಿದ್ರು."

ನಾನು ಲೀಡನ್ನು ಕರೆಗೆ ಸೇರಿಸಿಕೊಂಡೆ. ಅವರು ನನ್ನ ಹಾಗೆ ಹಾಸ್ಯ ಮಾಡಲಿಲ್ಲ. "ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮಿಷನ್ ಉಂಟಾ? ಪಕ್ಕದವರ ಹತ್ತಿರ ಕೇಳಿ. ಈಗಲೇ ಕೇಳಿ." ಮಹಡಿಯ ಮೇಲಿನವರು ಕೊಟ್ಟರು. ಆಂಟಿ ಓದಿದರು: ಎಂಬತ್ತೇಳು. ಲೀಡ್ ತಮ್ಮ ಮೈಕನ್ನು ಮುಚ್ಚಿ, ನನಗೆ ಮಾತ್ರ ಬರೆದರು: ಬೆಡ್ ಹುಡುಕು.

ಬೆಡ್ ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು ಹಸಿರು ಬಡಾವಣೆಯ ಖಾಸಗಿ ಕ್ಲಿನಿಕ್‌ಗಳು, ಹತ್ತಿರದ್ದರಿಂದ ದೂರದ್ದಕ್ಕೆ. ಹಾಸಿಗೆ ಇದೆಯಾ ಎಂದಲ್ಲ, ಆಮ್ಲಜನಕದ ಕೊಳವೆ ಇರುವ ಹಾಸಿಗೆ ಇದೆಯಾ ಎಂದು ಕೇಳಬೇಕು. ಬರೀ ಹಾಸಿಗೆ ಎಲ್ಲ ಕಡೆಯೂ ಇರುತ್ತದೆ. ಇದೆ ಎಂದರೆ ನಾವು ಖರ್ಚಿಗೆ ಹೊಣೆ ಎಂಬ ಪತ್ರ ಕಳಿಸಬೇಕು, ಆಮೇಲೆ ಓಡಾಟದ ಪರವಾನಗಿ ಇರುವ ಗಾಡಿ. ನಮ್ಮ ಸ್ಪ್ಯಾನಿಷ್ ಡೆಸ್ಕಿನ ಹುಡುಗಿ ಒಂದೊಂದಾಗಿ ಕರೆ ಮಾಡಿದಳು. ಮಿರಾಫ್ಲೋರೆಸ್ ಇಲ್ಲ. ಸಾನ್ ಇಸಿದ್ರೊ, ಕಾಯುವವರಲ್ಲಿ ಸೇರಿಸುತ್ತೇವೆ, ಮುಂದೆ ಕೆಲವರಿದ್ದಾರೆ. ಸಾನ್ ಬೋರ್ಹಾ ಇಲ್ಲ. ಸುರ್ಕೊದಲ್ಲಿ ಫೋನ್ ಎತ್ತಿ ಪಕ್ಕಕ್ಕಿಟ್ಟರು. ಆ ಕಡೆ ಯಾರೋ ಓಡಾಡುವುದು ಬಹಳ ಹೊತ್ತು ಕೇಳಿಸುತ್ತಿತ್ತು. ಸಿಲಿಂಡರ್ ಆದರೂ ಮನೆಗೆ ತರಿಸೋಣವೆಂದರೆ ಸಿಲಿಂಡರ್ ಅಂಗಡಿಗಳ ಮುಂದೆ ಜನ ರಸ್ತೆಯಲ್ಲೇ ಕೂತಿದ್ದಾರೆ ಎಂದು ಗೊತ್ತಾಯಿತು.

ನಾನು ಬಣ್ಣ ಹಚ್ಚಿದ ಹಸಿರೆಲ್ಲ ಮುಗಿಯಿತು. ಹಳದಿಯೂ ಮುಗಿಯಿತು.

ಮಾರನೆಯ ಬೆಳಿಗ್ಗೆ ಆ ಹುಡುಗಿ ಯಾರನ್ನೂ ಕೇಳದೆ ಬೂದು ಬಡಾವಣೆಗಳಿಗೆ ಕರೆ ಮಾಡತೊಡಗಿದಳು. ವಿಲ್ಲಾ ಎಲ್ ಸಾಲ್ವಡೋರ್‌ನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೊಳವೆಯಿರುವ ಒಂದು ಜಾಗ ಈಗಷ್ಟೇ ಖಾಲಿಯಾಗಿದೆ, ಬೇಗ ಬಂದರೆ ಕೊಡುತ್ತೇವೆ, ಹಿಡಿದಿಡುವುದಿಲ್ಲ ಎಂದರಂತೆ. ಯಾಕೆ ಖಾಲಿಯಾಯಿತು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಲೀಡ್ ಅಟ್ಲಾಂಟಾಕ್ಕೆ ಬರೆದರು. ಕಾರಣವನ್ನು ವಿವರವಾಗಿ ಕೊಡಿ, ಭದ್ರತಾ ತಂಡ ಪರಿಶೀಲಿಸುತ್ತದೆ ಎಂದು ಉತ್ತರ ಬಂತು. ಉತ್ತರವನ್ನು ಅವರು ನನಗೆ ಓದಿ ಹೇಳಿದರು. ಪರದೆಯಲ್ಲಿ ಅವರ ಹಿಂದೆ ಅಡುಗೆಮನೆ ಕಾಣುತ್ತಿತ್ತು, ಕುಕ್ಕರ್ ಕೂಗುತ್ತಿತ್ತು.

"ನಾನು ವಾರ್ಡಲ್ಲಿ ಇದ್ದವಳು" ಎಂದರು. "ಅವರು ಪರಿಶೀಲಿಸುವಷ್ಟರಲ್ಲಿ ಈ ಮನುಷ್ಯ ಇರುವುದಿಲ್ಲ. ಕಳಿಸುವ. ನನ್ನ ಹೆಸರು ಹಾಕು."

"ಕೆಲಸ ಹೋಗುತ್ತೆ ಆಂಟಿ." ಆಫೀಸಿನಲ್ಲಿ ಅವರನ್ನು ಆಂಟಿ ಎಂದು ಕರೆದದ್ದು ಅದೇ ಮೊದಲು.

"ಹೋಗ್ಲಿ. ನೀನು ಈಗ ಗಾಡಿ ಹೇಳು, ಬಾಯಿ ಮುಚ್ಚು."

ಗಾಡಿ ಸಿಕ್ಕಿತು. ಫ್ಲ್ಯಾಟಿನ ಬಾಗಿಲಿಗೂ ಬಂತು. ಅಂಕಲ್ ಎದ್ದು ಶರ್ಟು ಹಾಕಿಕೊಂಡು, ಎಲ್ಲಿಗೆ ಎಂದು ಕೇಳಿದರು. ಆಂಟಿ ಬಡಾವಣೆಯ ಹೆಸರು ಹೇಳಿದರು. ಅಂಕಲ್ ಮಂಚದ ಮೇಲೆ ಮತ್ತೆ ಕೂತರು.

"ನಾನು ಬರಲ್ಲ" ಎಂಬುದು ಸ್ಪೀಕರಿನಲ್ಲಿ ನನಗೆ ಕೇಳಿಸಿತು. ಒಂದೊಂದು ಪದದ ನಡುವೆ ಉಸಿರು. "ಬೆಲ್ಟ್ ಮಾತ್ರ... ವಾಪಸ್ ಬರುತ್ತೆ ಅಂತ... ಹೇಳಿದ್ದು ನೀನೇ ಅಲ್ವೇನಯ್ಯಾ. ಇವಳನ್ನ... ಅಲ್ಲಿ ಗೇಟಲ್ಲಿ... ಒಬ್ಬಳೇ ಬಿಟ್ಟು ಒಳಗೆ ಹೋಗ್ಲಾ? ಸದಾಶಿವನಗರದಲ್ಲಿ... ಕಾಯೋರಲ್ಲಿ ಹಾಕಿದಾರಂತಲ್ಲ. ಕಾಯ್ತೀನಿ."

"ಅಂಕಲ್, ಅದು ತಮಾಷೆಗೆ ಹೇಳಿದ್ದು."

"ಈಗ ಹೇಳ್ತಿರೋದು... ತಮಾಷೆ ಅಲ್ಲ ಅಂತ... ಹ್ಯಾಗೆ ಗೊತ್ತಾಗ್ಬೇಕು ನನಗೆ?"

ನನ್ನ ಹತ್ತಿರ ಎಲ್ಲ ದನಿಗಳೂ ಇದ್ದವು: ವೈದ್ಯರದ್ದು ಮಾಡಬಹುದಿತ್ತು, ಲೀಡಿನದ್ದು ಮಾಡಬಹುದಿತ್ತು, ಆ ಬಡಾವಣೆ ನಮ್ಮ ರಾಜಾಜಿನಗರದ ಥರ ಅಂಕಲ್ ಎಂದು ಬಣ್ಣ ಬದಲಿಸಿ ಹೇಳಬಹುದಿತ್ತು. ಸತ್ಯ ಹೇಳಬೇಕೆಂದರೆ ಬಾಯಿಗೆ ಬಂದದ್ದೇ ರಾಜಾಜಿನಗರ. ಡ್ರೈವರ್ ಕೆಳಗೆ ಹಾರ್ನ್ ಒತ್ತಿದ. ಗಾಡಿ ಬಂದು ನಿಂತು ಗಂಟೆಯಾಗುತ್ತಾ ಬಂದಿತ್ತು. ಅಂಕಲ್ ಹಟ ಬಿಡಲಿಲ್ಲ. ಮಧ್ಯೆ ಅಂಕಲ್‌ರ ಸದಾಶಿವನಗರಕ್ಕೆ, ಸಾನ್ ಇಸಿದ್ರೊಗೆ, ಮತ್ತೆ ಕೇಳಿದೆವು. ಮುಂದಿದ್ದವರು ಇನ್ನೂ ಮುಂದೆಯೇ ಇದ್ದರು.

ಕೊನೆಗೆ ಹೇಳಿದೆ. "ಅಂಕಲ್, ನಾನು ಲಿಮಾ ನೋಡೇ ಇಲ್ಲ. ಯಾವ ಏರಿಯಾನೂ ನೋಡಿಲ್ಲ. ಸಮುದ್ರದ ಬಂಡೆನೂ ನೋಡಿಲ್ಲ, ನಿಮ್ಮ ಬೀದಿನೂ ನೋಡಿಲ್ಲ. ನಾನು ಸ್ಟರ್ಲಿಂಗಲ್ಲಿ ಇಸ್ತ್ರಿ ಟೇಬಲ್ ಮುಂದೆ ಕೂತಿದೀನಿ. ಆ ಜಾಗ ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಅಲ್ಲಿ ಆಕ್ಸಿಜನ್ ಇದೆ. ನನಗೆ ಗೊತ್ತಿರೋದು ಅಷ್ಟೇ."

ಇಷ್ಟು ದಿನ ಪಕ್ಕದ ಬೀದಿಯಲ್ಲಿದ್ದ ಹುಡುಗ ಇದ್ದಕ್ಕಿದ್ದಂತೆ ಸಾವಿರಾರು ಮೈಲಿ ಹಿಂದಕ್ಕೆ ಹೋದನಲ್ಲ, ಅದಕ್ಕೆ ಹೊಂದಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತೇನೋ.

"ಥೂ ನಿನ್ನ" ಎಂದರು ಅಂಕಲ್. ಬೈಗುಳ ಪೂರ್ತಿ ಮಾಡಲು ಉಸಿರು ಸಾಲಲಿಲ್ಲ.

ಆಂಟಿ ಫೋನ್ ಕೈಗೆತ್ತಿಕೊಂಡರು. ನನ್ನೊಡನೆ ಮಾತಾಡಲಿಲ್ಲ. "ಏಳಿ. ಯಾರೂ ನೋಡಿಲ್ಲ ಅಂದ್ರೆ ನಾವೇ ಹೋಗಿ ನೋಡೋಣ" ಎಂದರು ಗಂಡನಿಗೆ. ಮೆಟ್ಟಿಲಿಳಿಯುವ ಸದ್ದು, ನಡುನಡುವೆ ನಿಲ್ಲುವ ಸದ್ದು, ಕಾರಿನ ಬಾಗಿಲು.

ದಾರಿಯುದ್ದಕ್ಕೂ ನಾನು ಕರೆಯಲ್ಲಿದ್ದೆ. ನಕ್ಷೆಯಲ್ಲಿ ಗಾಡಿಯ ಚುಕ್ಕೆ ದಕ್ಷಿಣದ ಹೆದ್ದಾರಿ ಹಿಡಿದು ಹಸಿರು ದಾಟಿ ಬೂದು ಬಣ್ಣದೊಳಗೆ ಹೋಯಿತು. "ಏನು ಕಾಣ್ತಿದೆ ಆಂಟಿ?" ಎಂದೆ. "ಇವರನ್ನೇ ನೋಡ್ತಿದೀನಪ್ಪ" ಎಂದರು. ಬೂದು ಬಣ್ಣದ ಆ ತುಂಡನ್ನು ಹಿಗ್ಗಿಸಿ ಮೊದಲ ಸಲ ನೋಡಿದೆ. ಮರುಭೂಮಿಯ ಮರಳಿನಲ್ಲಿ ಗೆರೆ ಎಳೆದ ಹಾಗೆ ನೇರ ಬೀದಿಗಳು, ಪ್ರತಿ ಗುಂಪು ಮನೆಗಳ ನಡುವೆ ಒಂದು ಚೌಕ ಮೈದಾನ. ಜನ ತಾವೇ ಬಂದು, ತಾವೇ ಅಳತೆ ಹಾಕಿ ಕಟ್ಟಿಕೊಂಡ ಊರಂತೆ. ಅದನ್ನೂ ಆಮೇಲೆ ಓದಿದ್ದು.

ಜಾಗ ಇನ್ನೂ ಇತ್ತು. ಅಂಕಲ್‌ರನ್ನು ಒಳಗೆ ತೆಗೆದುಕೊಂಡರು. ಆ ಸಂಜೆ ಮಿಷನ್ನಿನ ಅಂಕಿ ಏರಿತು. ನಾವು ಮೂವರೂ ಪರದೆಯಲ್ಲಿ ಮೂರ್ಖರ ಹಾಗೆ ಚಪ್ಪಾಳೆ ತಟ್ಟಿದೆವು. ಒಂದು ವಾರ ಏರಿತು, ಇಳಿಯಿತು. ಕೊಳವೆಗಿಂತ ದೊಡ್ಡ ಯಂತ್ರ ಬೇಕಾಯಿತು. ಅದು ಬೇಕಾದವರು ಅಲ್ಲಿ ಬಹಳ ಜನರಿದ್ದರು. ಒಂದು ಬೆಳಿಗ್ಗೆ ಸ್ಪ್ಯಾನಿಷ್ ಡೆಸ್ಕಿನ ಹುಡುಗಿ ಕರೆ ಮಾಡಿ ಅತ್ತಳು.

ಗಾಡಿ ಬಾಗಿಲಲ್ಲಿ ನಿಂತ ಆ ಹೊತ್ತು ಲೆಕ್ಕಕ್ಕೆ ಬಂತೇ ಎಂದು ಲೀಡನ್ನು ಕೇಳಿದೆ. "ಗೊತ್ತಿಲ್ಲ" ಎಂದರು. ಸಮಾಧಾನಕ್ಕಾದರೂ ಇಲ್ಲ ಎನ್ನಲಿ ಎಂದುಕೊಂಡಿದ್ದೆ. ಅವರು ಹಾಗೆ ಸುಳ್ಳು ಹೇಳುವವರಲ್ಲ. ಅಟ್ಲಾಂಟಾ ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಡೆಸ್ಕಿನಿಂದ ತೆಗೆದು ತರಬೇತಿ ವಿಭಾಗಕ್ಕೆ ಹಾಕಿತು.

ಆಂಟಿಗೆ ಆಮೇಲಿನ ಒಂದು ವಿಮಾನದಲ್ಲಿ ಜಾಗ ಸಿಕ್ಕಿತು. ಅದು ಡಲಸ್‌ಗೇ ಬಂತು. ಷಾರ್ಲೆಟ್‌ನಿಂದ ಕರೆಯಲು ಬರುವವರಿರಲಿಲ್ಲ; ಮಕ್ಕಳಿಲ್ಲ, ಗೆಳೆಯರು ಹೆದರಿದ್ದರು. ನಾನು ಡ್ರೈವ್ ಮಾಡ್ತೀನಿ ಎಂದೆ. ಗೇಟಿನಿಂದ ಬಂದ ಹೆಂಗಸು ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ. ಕೈಯಲ್ಲಿ ಅಂಕಲ್‌ರ ಅಸ್ಥಿಯ ಚೀಲ. ಹಿಂದಿನ ಸೀಟಿನಲ್ಲಿ ಕೂತರು, ಕಿಟಕಿಗಳನ್ನೆಲ್ಲ ಇಳಿಸಿದೆವು, ಇಬ್ಬರಿಗೂ ಮಾಸ್ಕ್. ನಾನು ಕ್ಷಮೆ ಕೇಳಲು ತಯಾರಾಗಿ ಬಂದಿದ್ದೆ. ರಿಚ್ಮಂಡ್ ದಾಟಿದರೂ ಬಾಯಿ ತೆರೆಯಲಾಗಲಿಲ್ಲ. ಗಾಳಿಯ ಸದ್ದೇ ಸಾಕಾಗಿತ್ತು.

ಪೀಟರ್ಸ್‌ಬರ್ಗ್ ಆದಮೇಲೆ ಮೈಸೂರಿನಿಂದ ಅಂಕಲ್‌ರ ತಮ್ಮ ಫೋನ್ ಮಾಡಿದರು. ಆಂಟಿ ಸ್ಪೀಕರಿಗೆ ಹಾಕಿದರು. ಅವರಿಗೆ ನಾನು ಗೊತ್ತು, ಕಂಡಕ್ಟರ್ ಹುಡುಗ.

"ನೋಡಪ್ಪ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದರು. "ಅಲ್ಲಿ ಒಳ್ಳೊಳ್ಳೆ ಏರಿಯಾ ಇದಾವೆ ಅಂತ ನೀನೇ ಹೇಳಿದ್ದೆ. ನಮ್ಮಣ್ಣನ್ನ ಯಾಕೆ ಅಂಥ ಕಡೆ ಹಾಕಿದ್ರಿ?"

"ಒಳ್ಳೆ ಏರಿಯಾದಲ್ಲಿ ಬೆಡ್ ಇರ್ಲಿಲ್ಲ ಸರ್."

"ಆದ್ರೂ, ಅದು ಎಂಥ ಜಾಗ? ಮನುಷ್ಯರು ಇರೋಂಥ ಜಾಗಾನಾ?"

ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಕನ್ನಡಿಯಲ್ಲಿ ಆಂಟಿಯನ್ನು ನೋಡಿದೆ.

"ಅವನನ್ನ ಕೇಳ್ಬೇಡಿ" ಎಂದರು ಆಂಟಿ. "ಅವನು ನೋಡಿಲ್ಲ. ನಾನು ನೋಡಿದೀನಿ."

ಹೇಳತೊಡಗಿದರು. ಗೇಟಿನ ಮುಂದೆ ಅಗಲವಾದ ಮಣ್ಣಿನ ರಸ್ತೆ. ಆಚೆ ಒಂದು ಗೋಡೆ, ಅರ್ಧ ನೀಲಿ ಬಣ್ಣ ಹೊಡೆದು ಬಿಟ್ಟಿದ್ದು. ಗೋಡೆಯ ನೆರಳಿನಲ್ಲಿ ಒಳಗೆ ಗಂಡ, ಮಗ, ಅಮ್ಮ ಇರುವವರೆಲ್ಲ ದಿನವಿಡೀ ನಿಲ್ಲುತ್ತಿದ್ದರು. ಯಾರಿಗೂ ಅಲ್ಲಿ ಅವರವರ ಹೆಸರಿರಲಿಲ್ಲ; ಒಳಗಿದ್ದವರ ಹೆಸರಿನಲ್ಲೇ ಕಾವಲಿನವನು ಕೂಗುತ್ತಿದ್ದ, ಒಬ್ಬರಿಗೊಬ್ಬರು ಕರೆಯುತ್ತಿದ್ದುದೂ ಅದೇ ಹೆಸರಿನಿಂದ. ಎದುರು ಮನೆಯ ಹೆಂಗಸು ಸ್ಟೂಲು ತಂದು ಕೊಟ್ಟಳು. ಮಧ್ಯಾಹ್ನಕ್ಕೆ ಬೇಯಿಸಿದ ಆಲೂಗೆಡ್ಡೆ. ಮಾಂಸ ತಿನ್ನುವುದಿಲ್ಲ ಎಂದು ಕೈಸನ್ನೆ ಮಾಡಿದ್ದಕ್ಕೆ ಮಾರನೆಯ ದಿನದಿಂದ ಬೇರೆ ಪಾತ್ರೆಯಲ್ಲಿ ತಂದಳು.

"ಅಷ್ಟು ದಿನ ನನ್ನನ್ನ ಎಲ್ಲರೂ ನಿಮ್ಮಣ್ಣನ ಹೆಸರು ಹಿಡಿದು ಕರೆದ್ರು" ಎಂದರು ಆಂಟಿ. "ಮದುವೆಯಾಗಿ ಇಷ್ಟು ವರ್ಷ ನಾನು ಒಂದು ದಿನ ಬಾಯಲ್ಲಿ ಹೇಳಿದ ಹೆಸರಲ್ಲ. ಕೊನೇ ದಿನ ಕಾವಲಿನವನು ಬಂದ. ಬಾಗಿಲಲ್ಲಿ ನಿಂತ. ಕೂಗಲಿಲ್ಲ. ಗೋಡೆ ಹತ್ತಿರ ಇದ್ದೋರೆಲ್ಲ ಟೋಪಿ ತೆಗೆದ್ರು."

ಲಾರಿಯೊಂದು ಪಕ್ಕದಲ್ಲಿ ಹಾದು ಕಾರು ಅಲ್ಲಾಡಿತು.

"ಮುಂದೆ ಹೇಳ್ತೀನಿ ಕೇಳಿ" ಎಂದರು ಆಂಟಿ. "ನೀನು ಹೊರಡಪ್ಪ, ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು."